ಅಲಮೇಡಾದ ಹಳೆ ನೌಕಾನೆಲೆ ನೋಡಿ ಬಂದೆ: ಬಳ್ಳಾರಿಯಲ್ಲಿ ನೆಲದಡಿ ಏನಿದೆ ಎಂದು ಬರೆದಿಡುವವರು ಯಾರು?

ಕಂಟೋನ್ಮೆಂಟ್ ಮೇಷ್ಟ್ರು · ಭಾನುವಾರ ಸಂಜೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ಪುರುಸೊತ್ತಿದ್ದಾಗ ಓದಿ.

ಮಗಳ ಬಾಣಂತನಕ್ಕೆ ನಾನು, ನಮ್ಮ ಮನೆಯವರು ಕ್ಯಾಲಿಫೋರ್ನಿಯಾದ ಅಲಮೇಡಾಕ್ಕೆ ಹೋಗಿ ಐದು ತಿಂಗಳು ಇದ್ದು ಬಂದೆವು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿರುವ ದ್ವೀಪದ ಊರು ಅದು. ಜನ ಸುಮಾರು 78 ಸಾವಿರ. ನಮ್ಮ ಬಳ್ಳಾರಿ 2011ರ ಗಣತಿಯಲ್ಲೇ 4 ಲಕ್ಷ ದಾಟಿತ್ತು, ಅದರ ಐದನೇ ಒಂದು ಪಾಲೂ ಇಲ್ಲದ ಊರು. ಮಗು ಮಲಗಿದ ಮೇಲೆ ಮನೆಯಲ್ಲಿ ನನಗೆ ಕೆಲಸ ಇರುತ್ತಿರಲಿಲ್ಲ. ಸಂಜೆ ನಡೆದುಕೊಂಡು ಹೋಗಿ ಅಲ್ಲಿನ ನಗರಸಭೆಯ ಸಭೆಯಲ್ಲಿ ಕೂತು ಬರುತ್ತಿದ್ದೆ. ತಿಂಗಳ ಮೊದಲನೇ ಮತ್ತು ಮೂರನೇ ಮಂಗಳವಾರ ಸಭೆ. ಮೇಯರ್ ಸೇರಿ ಐದೇ ಜನ. ಯಾರು ಬೇಕಾದರೂ ಹೋಗಿ ಕೂರಬಹುದು. ಚೀಟಿ ಬರೆದುಕೊಟ್ಟರೆ ಎರಡು-ಮೂರು ನಿಮಿಷ ಮಾತಾಡಲೂ ಬಿಡುತ್ತಾರೆ.

ಮೊದಲ ದಿನ ನನಗೆ ಬೇಜಾರೇ ಆಯಿತು, ನಿಜ ಹೇಳುತ್ತೇನೆ. ಹಿಂದಿನ ಸಭೆಯ ನಡಾವಳಿ, ಬಿಲ್ಲುಗಳ ಪಟ್ಟಿ, ಯಾವುದೋ ಗುತ್ತಿಗೆಯ ಅವಧಿ ವಿಸ್ತರಣೆ. ಇಂಥ ದಿನನಿತ್ಯದ ವಿಷಯಗಳನ್ನೆಲ್ಲ ಗಂಟು ಕಟ್ಟಿ ಒಂದೇ ಮತಕ್ಕೆ ಹಾಕುತ್ತಾರೆ. ‘ಕನ್ಸೆಂಟ್ ಕ್ಯಾಲೆಂಡರ್’ ಎಂದು ಅದರ ಹೆಸರು. ಆದರೆ ಒಬ್ಬ ಸದಸ್ಯರಿಗೆ ಅನುಮಾನ ಬಂದರೂ ಸಾಕು, ಆ ಒಂದು ವಿಷಯವನ್ನು ಗಂಟಿನಿಂದ ಹೊರಗೆ ತೆಗೆಸಿ ಬೇರೆಯಾಗಿ ಚರ್ಚೆ ಮಾಡಿಸಬಹುದು. ಮುಖ್ಯ ವಿಷಯ ಇನ್ನೊಂದಿದೆ. ಆ ರಾಜ್ಯದಲ್ಲಿ 1953ರಿಂದ ಬ್ರೌನ್ ಕಾಯ್ದೆ ಎಂಬುದಿದೆ. ಸಾಮಾನ್ಯ ಸಭೆಗೆ ಕನಿಷ್ಠ 72 ಗಂಟೆ ಮೊದಲೇ ಕಾರ್ಯಸೂಚಿ ಜನರ ಕಣ್ಣಿಗೆ ಬೀಳುವ ಹಾಗೆ ಹಾಕಬೇಕು. ಸೂಚಿಯಲ್ಲಿ ಇಲ್ಲದ ವಿಷಯಕ್ಕೆ ಸಭೆಯಲ್ಲಿ ಸುಮ್ನೆ ಕೈ ಎತ್ತಿ ಒಪ್ಪಿಗೆ ಕೊಡುವ ಹಾಗಿಲ್ಲ.

ಈಗ ಸೇನೆಯ ವಿಷಯಕ್ಕೆ ಬರುತ್ತೇನೆ. ಆ ದ್ವೀಪದ ಪಶ್ಚಿಮ ತುದಿಯಲ್ಲಿ ಅಮೆರಿಕದ ನೌಕಾಪಡೆಯ ವಿಮಾನ ನೆಲೆ ಇತ್ತು. ಶುರುವಾದದ್ದು 1940ರಲ್ಲಿ, ಮುಚ್ಚಿದ್ದು 1997ರಲ್ಲಿ. ಐವತ್ತೇಳು ವರ್ಷ ಅಲ್ಲಿ ವಿಮಾನ ರಿಪೇರಿ, ಬಣ್ಣ, ಎಣ್ಣೆ, ಆಸಿಡ್ ಎಲ್ಲ ನಡೆದಿದೆ. ರಾತ್ರಿ ಹೊಳೆಯಲಿ ಎಂದು ವಿಮಾನದ ಮೀಟರುಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದರು. ಅದರ ಕಶ್ಮಲ ಚರಂಡಿಗೆ ಹೋಯಿತು, ಚರಂಡಿಯಿಂದ ಸೀಪ್ಲೇನ್ ಲಗೂನ್ ಎಂಬ ಕೊಳಕ್ಕೆ ಹೋಗಿ ಕೆಸರಲ್ಲಿ ಕೂತಿತು. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. 1999ರಲ್ಲಿ ಆ ಜಾಗವನ್ನು ಅಮೆರಿಕ ಸರ್ಕಾರದ ‘ಸೂಪರ್‌ಫಂಡ್’ ಪಟ್ಟಿಗೆ ಸೇರಿಸಿದರು. ದೇಶದಲ್ಲೇ ಮೊದಲು ಶುಚಿ ಮಾಡಬೇಕಾದ ವಿಷದ ಜಾಗಗಳ ಪಟ್ಟಿ ಅದು.

ನಾನು ಹೋದಾಗ ಅಲ್ಲಿ ಒಂದು ಕಡೆ ಹೊಸ ಮನೆಗಳು, ಇನ್ನೊಂದು ಕಡೆ ತಂತಿ ಬೇಲಿ, ಬೇಲಿ ಮೇಲೆ ಎಚ್ಚರಿಕೆಯ ಬೋರ್ಡು. ಕೊಳದ ಮೂಲೆಗಳಲ್ಲಿದ್ದ ಕೆಟ್ಟ ಕೆಸರನ್ನು ಅಗೆದು ಸಾಗಿಸಿದ್ದಾರೆ. 2021ರಿಂದ ಅದೇ ಕೊಳದ ದಡದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ದೋಣಿ ಹೊರಡುತ್ತದೆ. ಮೊಮ್ಮಗನನ್ನು ಎತ್ತಿಕೊಂಡು ನಾವೂ ಅದರಲ್ಲಿ ಹೋಗಿ ಬಂದೆವು. ಹಳೆ ರನ್‌ವೇ ಮೇಲೆ ಲೀಸ್ಟ್ ಟರ್ನ್ ಎಂಬ ಪುಟ್ಟ ಹಕ್ಕಿ ಬಂದು ಮೊಟ್ಟೆ ಇಡುತ್ತದೆ. ಅಳಿವಿನ ಅಂಚಿನ ಹಕ್ಕಿ, ಹಾಗಾಗಿ ಆ ಜಾಗವನ್ನು ಮುಟ್ಟುವುದಿಲ್ಲ.

ಇದೆಲ್ಲ ದೊಡ್ಡ ಕೆಲಸ. ಆದರೆ ನನ್ನ ಮನಸ್ಸಿಗೆ ನಾಟಿದ್ದು ಒಂದು ಚಿಕ್ಕ ಪರವಾನಗಿ. ನೌಕಾಪಡೆ ಬರುವ ಮೊದಲು, 1800ರ ದಶಕದ ಕೊನೆಯಿಂದ 1920ರ ದಶಕದವರೆಗೆ, ಅಕ್ಕಪಕ್ಕದ ಗ್ಯಾಸ್ ಕಾರ್ಖಾನೆ, ಎಣ್ಣೆ ಸಂಸ್ಕರಣಾ ಘಟಕಗಳ ಹೊಲಸು ಅಲ್ಲಿನ ಜೌಗಿನ ಮೇಲೆ ಬಂದು ಪದರ ಕಟ್ಟಿತ್ತು. ಆಮೇಲೆ ಅದರ ಮೇಲೆ ಮಣ್ಣು ತುಂಬಿಸಿ ನೆಲ ಮಾಡಿದರು. ಆ ಪದರಕ್ಕೆ ‘ಮಾರ್ಶ್ ಕ್ರಸ್ಟ್’ ಎನ್ನುತ್ತಾರೆ. ಅದನ್ನು ಪೂರ್ತಿ ಅಗೆದು ತೆಗೆಯುವುದು ಆಗದ ಮಾತು. ಅದಕ್ಕೆ ನಗರಸಭೆ 2000ದಲ್ಲಿ ಒಂದು ನಿಯಮ ಮಾಡಿತು. ಆ ಭಾಗದಲ್ಲಿ ಇಂತಿಷ್ಟು ಅಡಿಗಿಂತ ಆಳ ಅಗೆಯುವವರು ಮೊದಲು ಪರವಾನಗಿ ತೆಗೆದುಕೊಳ್ಳಬೇಕು. ಈಜುಕೊಳವೇ ಇರಲಿ, ಪೈಪ್ ಹಾಕುವುದೇ ಇರಲಿ. ಕಟ್ಟಡ ಪರವಾನಗಿ ಕೊಡುವ ಕೌಂಟರಿನಲ್ಲಿ ಕೂತ ಗುಮಾಸ್ತೆ ನಕ್ಷೆ ನೋಡಿ ‘ಇಲ್ಲಿ ಕೆಳಗೆ ಆ ಪದರ ಇದೆ’ ಎಂದು ಹೇಳಬಲ್ಲಳು. ನೂರು ವರ್ಷದ ಹಿಂದೆ ಹೂತದ್ದು ಒಂದು ಫಾರಂನಲ್ಲಿ ನೆನಪಿದೆ.

ಇಲ್ಲಿಗೆ ಬಂದ ಮೇಲೆ ಅದೇ ತಲೆಯಲ್ಲಿ ಕೊರೆಯುತ್ತಿದೆ. ಹದಿನಾಲ್ಕು ವರ್ಷದ ಹಿಂದೆ ನಾನು ಒಂದು ಖಾಸಗಿ ಲೇಔಟಿನಲ್ಲಿ ಸೈಟ್ ತೆಗೆದುಕೊಂಡೆ. ಪಾಯ ತೋಡಿದರೆ ಐದು ಅಡಿಗೆ ಕಪ್ಪಗೆ ಜಿಡ್ಡು, ಒಡೆದ ಔಷಧಿ ಸೀಸೆ, ಸುಟ್ಟ ರಬ್ಬರು, ಬ್ಯಾಟರಿ ತುಂಡು. ಎರೆಮಣ್ಣಿನ ಕಪ್ಪಲ್ಲ ಅದು, ವಾಸನೆ ಬೇರೆಯೇ ಇತ್ತು. ಹಳೇ ಕಲ್ಲು ಗುಂಡಿಗೆ ಊರ ಕಸ ತುಂಬಿ ಮೇಲೆ ಮೊರಂ ಹರಡಿ ಸೈಟ್ ಮಾಡಿದ್ದರು. ಯಾವ ಕಾಗದದಲ್ಲೂ ಅದು ಇರಲಿಲ್ಲ. ನಾವು ಪಾಯವನ್ನು ಇನ್ನೂ ಆಳಕ್ಕೆ ಇಳಿಸಿ ಮನೆ ಕಟ್ಟಿದೆವು. ಬೋರಿನ ನೀರು ಇವತ್ತಿಗೂ ಕುಡಿಯುವುದಿಲ್ಲ.

ನಮ್ಮ ಊರಲ್ಲಿ ಇಂಥ ಜಾಗಗಳ ಪಟ್ಟಿ ಎಲ್ಲಾದರೂ ಇದೆಯಾ? ಇಲ್ಲದಿದ್ದರೆ ನಾವೇ ಶುರು ಮಾಡಬಹುದಾ? ತಿಳಿದವರು ಹೇಳಿ.

ಕೌಲ್ ಬಜಾರ್ ಅಕ್ಕ · ಭಾನುವಾರ ರಾತ್ರಿ

ಮೇಷ್ಟ್ರೇ, ಮೊಮ್ಮಗ ಬಂದದ್ದಕ್ಕೆ ಶುಭಾಶಯ. ಪೂರ್ತಿ ಓದಿದೆ.

ನಮ್ಮ ಓಣಿಯಲ್ಲಿ ಒಂದು ಬಾವಿ ಇತ್ತು. ನಾನು ಮದುವೆಯಾಗಿ ಬಂದಾಗ ಅದರಲ್ಲಿ ನೀರು ಸೇದುತ್ತಿದ್ದೆವು. ನಳ ಬಂದ ಮೇಲೆ ಯಾರೂ ಸೇದಲಿಲ್ಲ. ಆಮೇಲೆ ಕಸ ಹಾಕಿದರು, ಗಣಪತಿ ಬಿಟ್ಟರು, ಪಕ್ಕದ ಗ್ಯಾರೇಜಿನ ಹುಡುಗರು ಕೆಟ್ಟ ಆಯಿಲ್ ಸುರಿದರು. ಒಂದು ದಿನ ಲಾರಿ ಬಂದು ಮಣ್ಣು ತುಂಬಿ ಹೋಯಿತು. ಈಗ ಅದರ ಮೇಲೆ ಎರಡು ಅಂಗಡಿ ಇವೆ. ನನ್ನ ಸೊಸೆಗೆ ಅಲ್ಲಿ ಬಾವಿ ಇತ್ತು ಅಂತಾನೇ ಗೊತ್ತಿಲ್ಲ.

ನಾನು ಕೇಳುವುದು ಒಂದೇ. ಅಲ್ಲಿ ಶುಚಿ ಮಾಡುವ ರೊಕ್ಕ ಯಾರದು? ಊರವರ ತೆರಿಗೆಯಾ?

ಕಂಟೋನ್ಮೆಂಟ್ ಮೇಷ್ಟ್ರು · ಭಾನುವಾರ ರಾತ್ರಿ

ಅಕ್ಕಾ, ಒಳ್ಳೆ ಪ್ರಶ್ನೆ. ಶುಚಿ ಮಾಡುವ ಖರ್ಚು ನೌಕಾಪಡೆಯದು. ಹೊಲಸು ಮಾಡಿದವರೇ ತೊಳೆಯಬೇಕು ಎಂಬುದು ಅಲ್ಲಿನ 1980ರ ಕಾಯ್ದೆ. 1936ರಲ್ಲಿ ಊರವರು ಆ ಜಾಗವನ್ನು ಕೇಂದ್ರ ಸರ್ಕಾರಕ್ಕೆ ಒಂದು ಡಾಲರಿಗೆ ಬಿಟ್ಟುಕೊಟ್ಟಿದ್ದರಂತೆ. ವಾಪಸ್ ಬರುವಾಗಲೂ ನೌಕಾಪಡೆ ದುಡ್ಡು ಕೇಳಲಿಲ್ಲ. 2013ರಲ್ಲಿ ನೀರಿನ ಭಾಗವೂ ಸೇರಿ ಸುಮಾರು 1,400 ಎಕರೆ ಪುಕ್ಕಟೆಯಾಗಿ ನಗರಸಭೆಗೆ ಬಂತು. ಆದರೆ ಎಲ್ಲ ಒಟ್ಟಿಗೆ ಕೊಡುವುದಿಲ್ಲ. ಯಾವ ತುಂಡು ಶುಚಿಯಾಗಿ ಮನೆ ಕಟ್ಟಲು ಅಥವಾ ಬೇರೆ ಬಳಕೆಗೆ ಯೋಗ್ಯ ಎಂದು ಬರಹದಲ್ಲಿ ಸಾಬೀತಾಗುತ್ತದೋ ಅದು ಮಾತ್ರ ಕೈ ಬದಲಾಗುತ್ತದೆ. ಅದಕ್ಕೇ ಇಷ್ಟು ವರ್ಷ ಹಿಡಿದಿದೆ.

ಊರವರ ತೆರಿಗೆ ಹೋಗುವುದು ರಸ್ತೆ, ನೀರಿನ ಪೈಪು, ಒಳಚರಂಡಿಗೆ. ನೌಕಾಪಡೆ ಹಾಕಿದ್ದೆಲ್ಲ ಹಳೆಯದಾಗಿದೆ, ಹೊಸದು ಹಾಕಬೇಕು. ಸಭೆಯಲ್ಲಿ ಜಾಸ್ತಿ ವಾದ ನಡೆಯುವುದು ಅದರ ಮೇಲೆಯೇ.

ಹಳೆ ಓವರ್‌ಸಿಯರ್ · ಸೋಮವಾರ ಬೆಳಿಗ್ಗೆ

ನಾನು ಲೋಕೋಪಯೋಗಿ ಮತ್ತು ಪೌರಾಡಳಿತ ಎರಡರಲ್ಲೂ ಕೆಲಸ ಮಾಡಿ ನಿವೃತ್ತನಾದವನು. ಎರಡು ಮಾತು.

ಮೊದಲನೆಯದು, ದಯವಿಟ್ಟು ಯಾರೂ ಹೆದರಬೇಡಿ. ನಮ್ಮ ಕಂಟೋನ್ಮೆಂಟ್ ಬೇರೆ, ಅಲಮೇಡಾ ಬೇರೆ. 1800ರಲ್ಲಿ ನಿಜಾಮರು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಬಳ್ಳಾರಿ ಮದ್ರಾಸ್ ಪ್ರಾಂತ್ಯದ ದೊಡ್ಡ ದಂಡಿನ ಊರಾಯಿತು. ಇಲ್ಲಿದ್ದದ್ದು ಕುದುರೆ ಲಾಯ, ಬ್ಯಾರಕ್ಕು, ಕವಾಯತು ಮೈದಾನ, ಆಸ್ಪತ್ರೆ. ಕೌಲ್ ಬಜಾರ್ ಬೆಳೆದದ್ದೇ ದಂಡಿನವರಿಗೆ ಸಾಮಾನು ಒದಗಿಸಲು. ಮೊದಲ ಮಹಾಯುದ್ಧದಲ್ಲಿ ತುರ್ಕಿ ಕಡೆಯ ಸೆರೆಯಾಳುಗಳನ್ನು ಇಲ್ಲಿ ಇಟ್ಟಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಜಾಗ ಬೇರೆ ಬೇರೆ ಇಲಾಖೆಗಳಿಗೆ ಹೋಯಿತು. ವಿಮ್ಸ್ ಎಂದು ಹೆಸರಾಗಿದ್ದ ವೈದ್ಯಕೀಯ ಕಾಲೇಜು ಇರುವುದೂ ಆ ಕಡೆಯೇ, ಅದು 1961ರಲ್ಲಿ ಶುರುವಾಯಿತು. ದಂಡು ಹೋಗಿ ಹೆಸರು ಉಳಿಯಿತು, ರೈಲು ನಿಲ್ದಾಣಕ್ಕೂ ಅದೇ ಹೆಸರು. ಇವತ್ತು ಕರ್ನಾಟಕದಲ್ಲಿ ದಂಡು ಮಂಡಳಿ ಇರುವುದು ಬೆಳಗಾವಿಯಲ್ಲಿ ಮಾತ್ರ. ರೇಡಿಯಂ, ವಿಮಾನದ ಎಣ್ಣೆ ಇದೆಲ್ಲ ನಮ್ಮ ದಂಡಿನ ಕಾಲದ್ದಲ್ಲ. ಮನೆ ಮಾರಿಕೊಂಡು ಓಡುವ ಅಗತ್ಯ ಯಾರಿಗೂ ಇಲ್ಲ.

ಎರಡನೆಯದು, ಮೇಷ್ಟ್ರು ಹೇಳಿದ ಕಷ್ಟ ನಿಜ, ಅದು ದಂಡಿನಿಂದ ಬಂದದ್ದಲ್ಲ. ಕಳೆದ ನಲವತ್ತು-ಐವತ್ತು ವರ್ಷದಲ್ಲಿ ನಾವೇ ಮಾಡಿದ್ದು. ಕಲ್ಲು ಗುಂಡಿ, ಸೇದುವ ಬಾವಿ, ಹಳ್ಳದ ತಗ್ಗು, ಎಲ್ಲಿ ತಗ್ಗು ಕಂಡರೂ ಕಸ ಹಾಕಿ ಮುಚ್ಚಿದ್ದೇವೆ. ನಾನೂ ಮುಚ್ಚಿಸಿದ್ದೇನೆ. ಆಗ ಅದು ತಪ್ಪು ಎಂದು ಅನಿಸಲಿಲ್ಲ, ಮಕ್ಕಳು ಬಿದ್ದುಬಿಟ್ಟಾರು ಎಂಬ ಭಯವೇ ದೊಡ್ಡದಿತ್ತು. ಅಳತೆ ಪುಸ್ತಕದಲ್ಲಿ ‘ತಗ್ಗು ತುಂಬಿಸಿದ್ದು’ ಎಂದು ಇಷ್ಟು ಘನ ಮೀಟರ್ ಬರೆದು ಬಿಲ್ ಮಾಡುತ್ತಿದ್ದೆವು. ಏನು ತುಂಬಿಸಿದ್ದು ಎಂಬ ಕಾಲಂ ಆ ಪುಸ್ತಕದಲ್ಲಿ ಇರಲೇ ಇಲ್ಲ. ಇವತ್ತು ಅದನ್ನು ನೆನೆದರೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ.

ಸಂಡೂರು ಕಡೆಯವನು · ಸೋಮವಾರ ಮಧ್ಯಾಹ್ನ

ಹಿರಿಯರು ಬೇಸರ ಮಾಡಿಕೊಳ್ಳಬೇಡಿ. ಬಾವಿ, ಗುಂಡಿ ಎಲ್ಲ ಸರಿ. ನಮ್ಮ ಕಡೆ ಗಣಿಗಾರಿಕೆಗೆ ಗುಡ್ಡಗಳೇ ಹೋಗಿವೆ. ಕೆಂಪು ದೂಳು ಕುಡಿದು ಬೆಳೆದವರು ನಾವು. ಮೊದಲು ಅದನ್ನು ಮಾತಾಡಬೇಕಲ್ವಾ? ಪಟ್ಟಿ ಮಾಡಿದರೆ ಏನಾಗುತ್ತದೆ?

ಹಳೆ ಓವರ್‌ಸಿಯರ್ · ಸೋಮವಾರ ಮಧ್ಯಾಹ್ನ

ತಮ್ಮಾ, ನಿನ್ನ ಸಿಟ್ಟು ನ್ಯಾಯವೇ. ಆದರೆ ಗಣಿಯ ವಿಷಯದಲ್ಲಿ ಸ್ವಲ್ಪವಾದರೂ ಸರಿಯಾದದ್ದು ಹೇಗೆ ಎಂದು ನೆನಪಿಸಿಕೋ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಸರ್ವೆ ತಂಡ ಗುಡ್ಡ ಹತ್ತಿ ಒಂದೊಂದು ಗಣಿಯ ಗಡಿ ಅಳೆಯಿತು. ಎಷ್ಟು ಒತ್ತುವರಿ ಎಂದು ನೋಡಿ ಎ, ಬಿ, ಸಿ ಎಂದು ಮೂರು ಪಟ್ಟಿ ಮಾಡಿದರು. ಸಿ ಪಟ್ಟಿಯ ಗುತ್ತಿಗೆಗಳು ರದ್ದಾದವು. ಉಳಿದವರು ಪುನಶ್ಚೇತನ ಯೋಜನೆ ಕೊಟ್ಟ ಮೇಲೆಯೇ ಬೀಗ ತೆಗೆದದ್ದು. ಭಾಷಣ, ಪಾದಯಾತ್ರೆ ಎಲ್ಲ ನಡೆದವು, ಬೇಕಿತ್ತು ಕೂಡ. ಆದರೆ ಕೊನೆಗೆ ಗಣಿಯ ಬಾಗಿಲು ಮುಚ್ಚಿದ್ದು ಆ ಪಟ್ಟಿ. ಅಳೆಯದೆ ಬರೆಯದೆ ಇದ್ದಿದ್ದರೆ ಕೋರ್ಟಿಗೂ ಕೈಯಲ್ಲಿ ಹಿಡಿಯಲು ಏನೂ ಇರುತ್ತಿರಲಿಲ್ಲ.

ಸಂಡೂರು ಕಡೆಯವನು · ಸೋಮವಾರ ಸಂಜೆ

ಇದು ನನಗೆ ಹೊಳೆದಿರಲಿಲ್ಲ. ನಮ್ಮ ಚಿಕ್ಕಪ್ಪ ಆ ಸರ್ವೆ ತಂಡಕ್ಕೆ ನೀರಿನ ಕ್ಯಾನು ಹೊತ್ತುಕೊಂಡು ಹೋಗಿದ್ದರು. ದಿನಾ ಸಂಜೆ ಬಂದು ‘ಬರೀ ಕಲ್ಲಿಗೆ ಬಣ್ಣ ಹಚ್ಚುತ್ತಾರೆ, ಬರೆದುಕೊಳ್ಳುತ್ತಾರೆ’ ಎನ್ನುತ್ತಿದ್ದರು. ಸರಿ, ನಾನೂ ಸೇರುತ್ತೇನೆ.

ಕೊಲ್ಲಿ ಆಚೆಯ ಬಳ್ಳಾರಿ ಹುಡುಗಿ · ಸೋಮವಾರ ರಾತ್ರಿ

ನಾನು ಮೋತಿ ಸರ್ಕಲ್ ಹತ್ತಿರ ಹುಟ್ಟಿ ಬೆಳೆದವಳು, ಹನ್ನೊಂದು ವರ್ಷದಿಂದ ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದಲ್ಲಿದ್ದೇನೆ. ಮೇಷ್ಟ್ರು ಬರೆದದ್ದು ಸರಿಯಾಗಿದೆ. ಆದರೆ ಅಮೆರಿಕದಲ್ಲಿ ಎಲ್ಲ ಚೆನ್ನಾಗಿದೆ ಎಂದು ಯಾರೂ ತಿಳಿಯಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಅಲಮೇಡಾದಿಂದ ನೀರಿನ ಆಚೆ ನೋಡಿದರೆ ಹಂಟರ್ಸ್ ಪಾಯಿಂಟ್ ಎಂಬ ಇನ್ನೊಂದು ಹಳೆ ನೌಕಾಪಡೆ ಜಾಗ ಕಾಣುತ್ತದೆ. ಅಲ್ಲೂ ರೇಡಿಯಂ, ಅಲ್ಲೂ ಸೂಪರ್‌ಫಂಡ್. ಮಣ್ಣು ಪರೀಕ್ಷೆಯ ಗುತ್ತಿಗೆ ಪಡೆದವರ ಕೆಲಸಗಾರರು ಕೆಟ್ಟ ಜಾಗದ ಮಣ್ಣಿನ ಬದಲು ಒಳ್ಳೆ ಜಾಗದ ಮಣ್ಣು ಕೊಟ್ಟು ವರದಿ ಬರೆಸಿದ್ದರು. 2018ರಲ್ಲಿ ಇಬ್ಬರು ಮೇಲ್ವಿಚಾರಕರಿಗೆ ಜೈಲು ಶಿಕ್ಷೆಯಾಯಿತು. ನೂರಾರು ಎಕರೆಯ ಪರೀಕ್ಷೆಯ ಮೇಲೆ ನಂಬಿಕೆ ಹೋಯಿತು, ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಆ ಜಾಗದ ಪಕ್ಕ ಇರುವವರು ಹೆಚ್ಚಿನವರು ಬಡವರು, ಕಪ್ಪು ಜನ. ಅವರು ಎಷ್ಟೋ ವರ್ಷದಿಂದ ಕೂಗಿಕೊಳ್ಳುತ್ತಲೇ ಇದ್ದರು.

ಅಲಮೇಡಾದಲ್ಲಿ ನನಗೆ ಮೆಚ್ಚುಗೆಯಾಗುವ ವಿಷಯ ಬೇರೆ. ಊರವರೇ ಸೇರಿದ ಒಂದು ಸಲಹಾ ಮಂಡಳಿ ಇದೆ. ಸಂಬಳ ಇಲ್ಲ. ನೌಕಾಪಡೆಯವರು ದಪ್ಪ ದಪ್ಪ ವರದಿ ತಂದಿಟ್ಟರೆ ಇವರು ಓದುತ್ತಾರೆ, ಪ್ರಶ್ನೆ ಕೇಳುತ್ತಾರೆ. ಹತ್ತಿಪ್ಪತ್ತು ವರ್ಷ ಬಿಡದೆ ಕೂತವರಿದ್ದಾರೆ. ಹೊಲಸು ಸ್ವಲ್ಪ ಉಳಿಸಿದ ಕಡೆ ಐದು ವರ್ಷಕ್ಕೊಮ್ಮೆ ಮತ್ತೆ ಪರಿಶೀಲನೆ ಮಾಡಲೇಬೇಕು ಎಂದು ಕಾನೂನಿದೆ. ಆ ಐದನೇ ವರ್ಷ ಬಂತು ಎಂದು ನೆನಪಿಸುವವರು ಊರಲ್ಲಿ ಯಾರಾದರೂ ಇರಬೇಕು. ಪಟ್ಟಿ ಮಾಡಿದರೆ ಸಾಲದು. ಯಾರು ಮಣ್ಣು ತೆಗೆದರು, ಎಲ್ಲಿಂದ ತೆಗೆದರು, ಆಗ ಪಕ್ಕದಲ್ಲಿ ಯಾರಿದ್ದರು, ಇದೂ ಬರೆದಿರಬೇಕು.

ಸೈಟ್ ಮಾಲೀಕ · ಮಂಗಳವಾರ ಬೆಳಿಗ್ಗೆ

ನಾನು ನೇರವಾಗಿ ಹೇಳುತ್ತೇನೆ. ನೀವು ಹೀಗೆ ಪಟ್ಟಿ ಮಾಡಿ ಊರೆಲ್ಲ ಹಂಚಿದರೆ ನಮ್ಮಂಥವರ ಗತಿ ಏನು? ನನ್ನದು ಒಂದೇ ಒಂದು ಮೂವತ್ತು-ನಲವತ್ತರ ಸೈಟ್. ಸಾಲ ಮಾಡಿ ತೆಗೆದುಕೊಂಡದ್ದು. ಮಗಳ ಮದುವೆಗೆ ಅದನ್ನೇ ನಂಬಿದ್ದೇನೆ. ಅದರ ಪಕ್ಕ ಹಿಂದೆ ಗುಂಡಿ ಇತ್ತು ಎಂದು ಯಾರೋ ಮುದುಕರು ನೆನಪಿನಿಂದ ಹೇಳಿ ನೀವು ನಕ್ಷೆಯಲ್ಲಿ ಕೆಂಪು ಚುಕ್ಕೆ ಇಟ್ಟರೆ ಅದನ್ನು ಯಾರು ಕೊಳ್ಳುತ್ತಾರೆ? ನೆನಪು ತಪ್ಪಿರಬಹುದು. ಚುಕ್ಕೆ ಅಳಿಸಲು ನಾನು ಯಾರ ಬಳಿ ಹೋಗಲಿ?

ಕೌಲ್ ಬಜಾರ್ ಅಕ್ಕ · ಮಂಗಳವಾರ ಬೆಳಿಗ್ಗೆ

ಅಣ್ಣಾ, ನಿಮ್ಮ ಮಾತು ಓದಿ ಸಂಕಟ ಆಯಿತು. ಆದರೆ ಆ ಸೈಟ್ ಕೊಳ್ಳುವವರಿಗೂ ಒಬ್ಬ ಮಗಳು ಇರುತ್ತಾಳೆ. ಅವಳು ಆ ಬೋರಿನ ನೀರು ಕುಡಿಯುತ್ತಾಳೆ.

ಕಂಟೋನ್ಮೆಂಟ್ ಮೇಷ್ಟ್ರು · ಮಂಗಳವಾರ ಮಧ್ಯಾಹ್ನ

ಸೈಟ್ ಮಾಲೀಕರು ಹೇಳಿದ್ದನ್ನು ತಳ್ಳಿಹಾಕಲು ಆಗುವುದಿಲ್ಲ. ನಾನೂ ರಾತ್ರಿ ಅದನ್ನೇ ಯೋಚಿಸಿದೆ. ನನ್ನ ಸೈಟನ್ನೂ ಒಂದು ದಿನ ಮಕ್ಕಳು ಮಾರಬಹುದು.

ಅಲಮೇಡಾದಲ್ಲೂ ಇದೇ ಭಯ ಇರಬೇಕಲ್ಲವೇ. ಆದರೂ ಅಲ್ಲಿ ಜನ ಆ ಜಾಗದಲ್ಲಿ ಮನೆ ಕೊಳ್ಳುತ್ತಿದ್ದಾರೆ. ಯಾಕೆ ಎಂದರೆ ಕಾಗದದಲ್ಲಿ ಬರೀ ‘ಇಲ್ಲಿ ವಿಷ ಇದೆ’ ಎಂದು ಬರೆದು ಬಿಟ್ಟಿಲ್ಲ. ಈ ತುಂಡಿನಲ್ಲಿ ಇಷ್ಟು ಆಳದವರೆಗೆ ತೊಂದರೆ ಇಲ್ಲ, ಇಲ್ಲಿ ನೆಲದ ನೀರು ಬಳಸಬೇಡಿ, ಇಲ್ಲಿ ಮನೆ ಬೇಡ ಗೋದಾಮು ಆಗಬಹುದು ಎಂದು ಬಿಡಿಸಿ ಬರೆದಿದೆ. ಗೊತ್ತಿಲ್ಲದ ಭಯಕ್ಕಿಂತ ಗೊತ್ತಿರುವ ಮಿತಿಯ ಜೊತೆ ಬದುಕುವುದು ಸುಲಭ. ಪಶ್ಚಿಮ ತುದಿಯ ಹಳೆ ಕಸದ ಗುಂಡಿಗಳನ್ನು ಅವರು ಅಗೆಯಲೂ ಇಲ್ಲ, ಒಳ್ಳೆ ಮಣ್ಣು ಹೊದಿಸಿ ಕಾಯುತ್ತಿದ್ದಾರೆ.

ನಿಮ್ಮ ಮಾತಿನಲ್ಲಿ ಒಂದು ನ್ಯಾಯ ಇದೆ. ಬರೀ ನೆನಪಿನ ಮೇಲೆ ಒಬ್ಬರ ಸೈಟ್ ನಂಬರ್ ಬರೆಯುವುದು ತಪ್ಪು. ಖಾಸಗಿ ಸೈಟ್ ಬೇಡ. ಮೊದಲು ಸಾರ್ವಜನಿಕ ಜಾಗ ಮಾತ್ರ ಬರೆಯೋಣ: ರಸ್ತೆ, ಪಾರ್ಕು, ಶಾಲೆ ಮೈದಾನ, ಸರ್ಕಾರಿ ಬಾವಿ. ಇದು ಆಗಬಹುದಾ?

ಲ್ಯಾಬಿನವಳು · ಮಂಗಳವಾರ ಸಂಜೆ

ನಾನು ನೀರು-ಮಣ್ಣು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿಯವರೆಗೆ ಯಾರೂ ಹೇಳದ ಒಂದು ಮುಖ್ಯ ವಿಷಯ ಇದೆ.

ನಮ್ಮ ದೇಶದಲ್ಲೂ ಈಗ ಇದಕ್ಕೆ ನಿಯಮ ಬಂದಿದೆ. 2025ರ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಲುಷಿತ ಜಾಗಗಳ ನಿರ್ವಹಣೆಗೆಂದೇ ನಿಯಮ ಹೊರಡಿಸಿತು. ಅದರ ಪ್ರಕಾರ ಶಂಕೆ ಇರುವ ಜಾಗಗಳ ವರದಿಯನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಮಾಡಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನದಲ್ಲಿ ಮೊದಲ ಹಂತದ ಪರಿಶೀಲನೆ ಮಾಡಬೇಕು, ಅನುಮಾನ ಗಟ್ಟಿಯಾದರೆ ವಿವರವಾದ ಪರೀಕ್ಷೆಗೆ ಇನ್ನೂ ಮೂರು ತಿಂಗಳು. ಕೆಡಿಸಿದವರು ಸಿಕ್ಕರೆ ಖರ್ಚು ಅವರದು. ಅಂದರೆ ಪಟ್ಟಿ ಮಾಡುವುದು ನಮ್ಮ ಹವ್ಯಾಸದ ಕೆಲಸ ಅಲ್ಲ, ಸರ್ಕಾರವೇ ಮಾಡಬೇಕಾದ ಕೆಲಸ. ನಾವು ನೆನಪು ಕೊಡಬಹುದು, ನೆನಪಿಸಬಹುದು. ಗಣಿಯಿಂದ ಕೆಟ್ಟದ್ದು, ವಿಕಿರಣ ಮತ್ತು ಸಾಮಾನ್ಯ ಕಸದ ತಿಪ್ಪೆ ಈ ನಿಯಮದಲ್ಲಿ ಬರುವುದಿಲ್ಲ, ಅವಕ್ಕೆ ಬೇರೆ ಕಾನೂನು ಇವೆ. ಸಂಡೂರಿನ ಅಣ್ಣ ಇದನ್ನು ಗಮನಿಸಿ.

ಮೇಷ್ಟ್ರು ಹೇಳಿದ ಕಪ್ಪು ಜಿಡ್ಡಿನ ಜಾಗಕ್ಕೆ ನಾನಾದರೆ ಮೊದಲು ಸೀಸ, ಕ್ರೋಮಿಯಂ, ಕ್ಯಾಡ್ಮಿಯಂ ಮತ್ತು ಎಣ್ಣೆ ಅಂಶ ನೋಡುತ್ತೇನೆ. ಬ್ಯಾಟರಿ ಸಿಕ್ಕಿದೆ ಎಂದರೆ ಸೀಸ ಮೊದಲು. ಬಟ್ಟೆಗೆ ಬಣ್ಣ ಹಾಕುವ, ತೊಳೆಯುವ ನೀರು ಹರಿದ ಕಡೆ ಉಪ್ಪಿನ ಅಂಶ ಮತ್ತು ಬಣ್ಣ. ಜೀನ್ಸ್ ನಮ್ಮ ಊರಿನ ಅನ್ನ, ಆ ಕೆಲಸ ನಿಲ್ಲಲಿ ಎಂದು ನಾನು ಹೇಳುವುದಿಲ್ಲ. ನೀರು ಎಲ್ಲಿಗೆ ಹೋಯಿತು ಎಂದು ಗೊತ್ತಿರಲಿ ಎನ್ನುತ್ತೇನೆ.

ಮಣ್ಣು ತೆಗೆಯುವಾಗ ಒಂದೇ ಕಡೆ ಒಂದು ಮುಷ್ಟಿ ತೆಗೆದರೆ ಪ್ರಯೋಜನ ಇಲ್ಲ. ಮೇಲಿನ ಅರ್ಧ ಅಡಿ ಬೇರೆ, ಮೂರು ಅಡಿ ಬೇರೆ, ಐದು ಅಡಿ ಬೇರೆ. ಪಕ್ಕದಲ್ಲಿ ಕೆಡದ ಜಾಗದ ಮಣ್ಣೂ ಬೇಕು, ಹೋಲಿಸಿ ನೋಡಲು. ಚೀಲದ ಮೇಲೆ ದಿನಾಂಕ, ಜಾಗ, ಆಳ, ತೆಗೆದವರ ಸಹಿ. ಕೊಲ್ಲಿ ಆಚೆಯ ಅಕ್ಕ ಹೇಳಿದ ಮೋಸಕ್ಕೆ ಇದೊಂದೇ ಮದ್ದು.

ಮನೆಯ ಬೋರಿನ ನೀರು ವಾಸನೆ ಬಂದರೆ ಕುದಿಸಿದರೆ ಸರಿಯಾಗುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಕ್ರಿಮಿ ಸಾಯುತ್ತದೆ, ಸೀಸ ಸಾಯುವುದಿಲ್ಲ. ನೀರು ಆವಿಯಾದಷ್ಟೂ ಅದು ಇನ್ನೂ ಗಟ್ಟಿಯಾಗುತ್ತದೆ. ದಯವಿಟ್ಟು ಇದನ್ನು ಮನೆಯವರಿಗೆ ಹೇಳಿ.

ರಾಯಚೂರಿನವನು · ಮಂಗಳವಾರ ರಾತ್ರಿ

ನಮ್ಮಲ್ಲೂ ಕೋಟೆಯ ಕಂದಕ, ಹಳೆ ಬಾವಿಗಳ ಕಥೆ ಇದೇ. ಶಕ್ತಿನಗರದ ವಿದ್ಯುತ್ ಸ್ಥಾವರದ ಬೂದಿ ಹೊಂಡಗಳ ಮಾತು ಬೇರೆ ದಿನ ಬರೆಯುತ್ತೇನೆ. ನೀವು ಅರ್ಜಿ ಬರೆದರೆ ಅದರ ನಕಲು ಇಲ್ಲಿ ಹಾಕಿ, ರಾಯಚೂರಿಗೂ ಅದನ್ನೇ ತಿದ್ದಿ ಕೊಡುತ್ತೇವೆ.

ಹಳೆ ಓವರ್‌ಸಿಯರ್ · ಬುಧವಾರ ಬೆಳಿಗ್ಗೆ

ಲ್ಯಾಬಿನ ತಂಗಿ ಹೇಳಿದ ಮೇಲೆ ದಾರಿ ಸ್ಪಷ್ಟವಾಯಿತು. ಈಗ ಪಾಲಿಕೆಯ ಕೆಲಸ ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ, ಎಲ್ಲಿ ಬಾಗಿಲು ತಟ್ಟಬೇಕು ಎಂದು ಗೊತ್ತಾಗಲಿ.

ಕರ್ನಾಟಕ ಪೌರನಿಗಮಗಳ ಕಾಯ್ದೆ 1976ರದ್ದು. ತಿಂಗಳಿಗೊಮ್ಮೆಯಾದರೂ ಸಾಮಾನ್ಯ ಸಭೆ ಸೇರಬೇಕು. ನಮ್ಮಲ್ಲಿ 39 ವಾರ್ಡು, 39 ಸದಸ್ಯರು. ಅದರ ಕೆಳಗೆ ನಾಲ್ಕು ಸ್ಥಾಯಿ ಸಮಿತಿ: ತೆರಿಗೆ-ಹಣಕಾಸು, ಆರೋಗ್ಯ-ಶಿಕ್ಷಣ, ನಗರ ಯೋಜನೆ, ಲೆಕ್ಕಪತ್ರ. ಸಭೆಗೆ ಬರುವ ವಿಷಯಗಳಲ್ಲಿ ಹೆಚ್ಚಿನವು ಟೆಂಡರ್ ಮಂಜೂರಾತಿ, ಅಂದಾಜು ಪಟ್ಟಿ, ಘಟನೋತ್ತರ ಅನುಮೋದನೆ (ಆಗಿಹೋದ ಕೆಲಸಕ್ಕೆ ಆಮೇಲೆ ಕೊಡುವ ಒಪ್ಪಿಗೆ). ಪೌರಕಾರ್ಮಿಕರ ವಿಷಯ, ಮಳಿಗೆ ಬಾಡಿಗೆ, ಬೀದಿ ದೀಪ. ಇದು ಬೇಜಾರಿನ ಕೆಲಸ ಎಂದು ಜನ ನೋಡುವುದಿಲ್ಲ, ಪತ್ರಿಕೆಯಲ್ಲಿ ಬರುವುದು ಜಗಳವಾದ ದಿನ ಮಾತ್ರ. ಆದರೆ ಮೇಷ್ಟ್ರು ಕಂಡ ಹಾಗೆ, ಎಲ್ಲ ಬದಲಾಗುವುದು ಈ ಬೇಜಾರಿನ ಪಟ್ಟಿಯಲ್ಲೇ. ‘ತಗ್ಗು ತುಂಬಿಸುವ ಕಾಮಗಾರಿ’ ಎಂದು ಒಂದು ಸಾಲು ಬಂದಾಗ ಒಬ್ಬ ಸದಸ್ಯರು ಎದ್ದು ‘ಏನು ತುಂಬಿಸುತ್ತೀರಿ, ಎಲ್ಲಿಂದ ತರುತ್ತೀರಿ’ ಎಂದು ಕೇಳಿದರೆ ಸಾಕು. ಉತ್ತರ ನಡಾವಳಿಯಲ್ಲಿ ದಾಖಲಾಗುತ್ತದೆ. ಮೂವತ್ತು ವರ್ಷದ ಮೇಲೆ ಅಲ್ಲಿ ಪಾಯ ತೋಡುವವನಿಗೆ ಅದೇ ಆಧಾರ.

ಸದಸ್ಯರಿಗೆ ಅದು ಹೊಳೆಯಬೇಕಾದರೆ ಕಾರ್ಯಸೂಚಿ ನಮಗೂ ಮೊದಲೇ ಸಿಗಬೇಕು. ಈಗ ಅದು ಸಿಗುವುದು ಯಾರಾದರೂ ಪರಿಚಯದವರಿದ್ದರೆ. ಹಳೆ ನಡಾವಳಿಗಳನ್ನು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಬಹುದು, 30 ದಿನದಲ್ಲಿ ಕೊಡಬೇಕು. ವಾರ್ಡ್ ಸಮಿತಿ ಎಂಬುದೂ ಕಾಯ್ದೆಯಲ್ಲಿದೆ. ಅದರಲ್ಲಿ ಮಹಿಳೆಯರಿಗೆ, ನಿವಾಸಿ ಸಂಘದವರಿಗೆ ಜಾಗ ಇದೆ.

ನಾನು ಒಂದು ಅರ್ಜಿ ಬರೆದಿದ್ದೇನೆ. ಪಾಲಿಕೆ ಆಯುಕ್ತರಿಗೆ, ಅದರ ಒಂದು ಪ್ರತಿ ಜಿಲ್ಲಾಧಿಕಾರಿಗಳಿಗೆ. ಮೂರೇ ಬೇಡಿಕೆ ಇಟ್ಟಿದ್ದೇನೆ, ಜಾಸ್ತಿ ಕೇಳಿದರೆ ಯಾವುದೂ ಆಗುವುದಿಲ್ಲ. ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು ಸಭೆಗೆ ಮೂರು ದಿನ ಮೊದಲು ಕಚೇರಿ ಬಾಗಿಲಿಗೂ ವೆಬ್‌ಸೈಟಿಗೂ ಹಾಕಬೇಕು. ತಗ್ಗು, ಬಾವಿ ಮುಚ್ಚುವ ಯಾವುದೇ ಕಾಮಗಾರಿಯಲ್ಲಿ ಏನು ತುಂಬಿಸಿದ್ದು ಎಂದು ಅಳತೆ ಪುಸ್ತಕದಲ್ಲಿ ಬರೆಯಬೇಕು. ಸಾರ್ವಜನಿಕ ಜಾಗದಲ್ಲಿ ಮುಚ್ಚಿಹೋದ ಬಾವಿ, ಗುಂಡಿಗಳ ಪಟ್ಟಿಯನ್ನು ನಗರ ಯೋಜನೆ ಸ್ಥಾಯಿ ಸಮಿತಿಯ ಮುಂದೆ ಇಟ್ಟು ಜಿಲ್ಲಾಡಳಿತದ ಆರು ತಿಂಗಳ ವರದಿಗೆ ಕಳಿಸಬೇಕು.

ಸೈಟ್ ಮಾಲೀಕ · ಬುಧವಾರ ಮಧ್ಯಾಹ್ನ

ಮೂರನೆಯದರಲ್ಲಿ ‘ಪರೀಕ್ಷೆ ಆಗುವವರೆಗೆ ಇದು ಶಂಕೆ ಮಾತ್ರ’ ಎಂದು ಒಂದು ಸಾಲು ಸೇರಿಸಿ. ಸೇರಿಸಿದರೆ ನಾನೂ ಸಹಿ ಹಾಕುತ್ತೇನೆ.

ಹಳೆ ಓವರ್‌ಸಿಯರ್ · ಬುಧವಾರ ಮಧ್ಯಾಹ್ನ

ಸೇರಿಸಿದೆ. ಅದು ಮೊದಲೇ ಇರಬೇಕಿತ್ತು, ಒಳ್ಳೆಯದಾಯಿತು ಹೇಳಿದ್ದು.

ಕಂಟೋನ್ಮೆಂಟ್ ಮೇಷ್ಟ್ರು · ಶುಕ್ರವಾರ ಸಂಜೆ

ಅರ್ಜಿ ಕೊಟ್ಟು ಬಂದೆವು. ಹದಿನೇಳು ಸಹಿ. ಸ್ವೀಕೃತಿಯ ಸೀಲು ಹಾಕಿಸಿಕೊಂಡಿದ್ದೇವೆ, ನಕಲು ರಾಯಚೂರಿನವರಿಗೆ ಕಳಿಸಿದ್ದೇನೆ. ಒಳಗೆ ಒಬ್ಬ ಗುಮಾಸ್ತರು ಪೂರ್ತಿ ಓದಿ ‘ನಮ್ಮ ತಾತ ಹೇಳುತ್ತಿದ್ದ ಬಾವಿಯೂ ಒಂದಿದೆ ಸಾರ್’ ಎಂದು ಎದ್ದು ಬಂದು ಜಾಗ ಹೇಳಿದರು. ಅದನ್ನೂ ಬರೆದುಕೊಂಡೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಬಿಸಿಲು ಏರುವ ಮುಂಚೆ ಕೌಲ್ ಬಜಾರಿನಿಂದ ಶುರು ಮಾಡೋಣ. ಓವರ್‌ಸಿಯರ್ ಸಾಹೇಬರು ಟೇಪು ತರುತ್ತಾರೆ.

ಕೌಲ್ ಬಜಾರ್ ಅಕ್ಕ · ಶುಕ್ರವಾರ ರಾತ್ರಿ

ನಮ್ಮ ಅತ್ತೆಗೆ ಎಂಬತ್ತಾರು. ಕಣ್ಣು ಮಂಜು, ಆದರೆ ನೆನಪು ಗಟ್ಟಿ. ಇವತ್ತು ಕೂರಿಸಿಕೊಂಡು ಕೇಳಿದೆ. ನಮ್ಮ ಓಣಿಯ ಬಾವಿ ಅಲ್ಲದೆ ಇನ್ನೂ ಮೂರು ಹೇಳಿದ್ದಾರೆ. ಒಂದು ಮಸೀದಿ ಹಿಂದಿನ ಗಲ್ಲಿಯ ಬೇವಿನ ಮರದ ಬುಡದಲ್ಲಿ, ಮರ ಈಗ ಇಲ್ಲ. ಒಂದು ಹಳೆ ಹುಣಸೆ ಮಂಡಿಯ ಅಂಗಳದಲ್ಲಿ. ಮೂರನೆಯದರ ನೀರು ಸಿಹಿ ಇತ್ತಂತೆ, ದಂಡಿನವರು ಕುದುರೆಗೆ ಅದನ್ನೇ ಕುಡಿಸುತ್ತಿದ್ದರು ಎಂದು ಅವರ ತಾಯಿ ಹೇಳುತ್ತಿದ್ದರಂತೆ. ಜಾಗ ಹೇಳಲು ಬರುವುದಿಲ್ಲ, ನಡೆದು ತೋರಿಸುತ್ತೇನೆ ಎನ್ನುತ್ತಿದ್ದಾರೆ. ಭಾನುವಾರ ಆಟೋ ಹೇಳಿದ್ದೇನೆ.